ಸಹಾಯ ಬೇಕು: ಜೇಬಿನಲ್ಲಿಟ್ಟುಕೊಳ್ಳಲು ಮಡಚುವ ಚಾಕು ಯಾವುದು ಒಳ್ಳೆಯದು?

ಎಲ್ಲರಿಗೂ ನಮಸ್ಕಾರ. ಇಂಡಿ ತಾಲ್ಲೂಕಿನಲ್ಲಿ ನಮ್ಮದು ಲಿಂಬೆ ತೋಟ. ಡ್ರಿಪ್ ಪೈಪು ಕತ್ತರಿಸಲು, ಗೊಬ್ಬರದ ಚೀಲದ ಹೊಲಿಗೆ ಬಿಚ್ಚಲು, ಬುತ್ತಿಯ ಜೊತೆ ಉಳ್ಳಾಗಡ್ಡಿ ಹೆಚ್ಚಲು ಜೇಬಿನಲ್ಲಿ ಚಾಕು ಬೇಕೇ ಬೇಕು. ಜಾತ್ರೆಯಲ್ಲಿ ಕೊಂಡಿದ್ದಕ್ಕೆ ಲಾಕ್ ಇರಲಿಲ್ಲ. ಹೋದ ವಾರ ಪೈಪಿಗೆ ತೂತು ಹಾಕಲು ಮೊನೆ ಒತ್ತಿದೆ. ಅಲಗು ನನ್ನ ತೋರುಬೆರಳಿನ ಮೇಲೆಯೇ ಮಡಚಿಕೊಂಡಿತು. ಮೂರು ಹೊಲಿಗೆ. ಮನೆಯಲ್ಲಿ ತಿಂದ ಬೈಗುಳ ಬೇರೆ.

ಇನ್ನು ಲಾಕ್ ಇಲ್ಲದ್ದನ್ನು ಮುಟ್ಟುವುದಿಲ್ಲ. ಫ್ರಾನ್ಸಿನ ಒಪಿನೆಲ್ 8ನೇ ನಂಬರಿನದು ಮನಸ್ಸಿನಲ್ಲಿದೆ: 8.5 ಸೆಂ.ಮೀ. ಅಲಗು, ಅದರ ಬುಡದಲ್ಲಿ ತಿರುಗಿಸಿ ಬಿಗಿಯುವ ಉಕ್ಕಿನ ಬಳೆ. ಕಾರ್ಬನ್ ಉಕ್ಕಾದರೆ ಸಾಣೆಗೆ ಬೇಗ ಹರಿತವಾಗುತ್ತದೆ, ಆದರೆ ಲಿಂಬೆಯ ಹುಳಿ ತಾಗಿ ಒರೆಸದೆ ಬಿಟ್ಟರೆ ಕಪ್ಪಾಗಿ ತುಕ್ಕು ಹಿಡಿಯುತ್ತದೆ. ನನಗೋ ಒರೆಸುವ ತಾಳ್ಮೆ ಇಲ್ಲ. ಸ್ಟೇನ್‌ಲೆಸ್ ತೆಗೆದುಕೊಳ್ಳಲೇ? ಮರದ ಹಿಡಿ ನೆನೆದು ಉಬ್ಬಿದರೆ ಅಲಗು ಬಿಚ್ಚಲು ಎಷ್ಟು ಒದ್ದಾಡಬೇಕು? ಬಳಸಿದವರು ಹೇಳಿ.

ವಾರಕ್ಕೊಮ್ಮೆ ಬಸ್ಸಿನಲ್ಲಿ ವಿಜಯಪುರಕ್ಕೆ ಹೋಗುತ್ತೇನೆ. ಮನೆ, ಕೃಷಿ ಬಳಕೆಯದಲ್ಲದ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಶಸ್ತ್ರಾಸ್ತ್ರ ನಿಯಮಗಳಡಿ ಬರುತ್ತದೆ. ಇದು ಅದರ ಅರ್ಧವೂ ಇಲ್ಲ. ಆದರೂ ತಪಾಸಣೆಯಲ್ಲಿ ಯಾರಿಗಾದರೂ ತೊಂದರೆಯಾಗಿದೆಯೇ? ಗುಂಡಿ ಒತ್ತಿದರೆ ಚಿಮ್ಮುವ ಚಾಕುವನ್ನು ಮಾತ್ರ ದಯವಿಟ್ಟು ಸೂಚಿಸಬೇಡಿ.