ಬಲಮುರಿ ಹೃದಯ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಮಂಡ್ಯದಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಭ್ರೂಣದ ಬೆಳವಣಿಗೆ ಬಗ್ಗೆ ಕನ್ನಡದಲ್ಲಿ ನಾಲ್ಕು ಪುಟ ಟಿಪ್ಪಣಿ ಬರೆಯಲು ಕೂತವನು ಮೊದಲ ಸಾಲಿನಲ್ಲೇ ಎಡವಿದೆ. (ಎಡವುವುದಕ್ಕೂ ‘ಎಡ’ಕ್ಕೂ ನಂಟಿದೆಯೇ ಎಂಬ ಜಗಳ ಇವತ್ತು ಬೇಡ.) ಬರೆದದ್ದು ಇಷ್ಟು: ‘ಕಶೇರುಕಗಳ ಅಂಗಗಳ ಎಡಬಲ ಅಸಮತೆಯನ್ನು ವಂಶವಾಹಿಗಳು ನಿಯಂತ್ರಿಸುತ್ತವೆ.’ (ಕಶೇರುಕ ಎಂದರೆ ಬೆನ್ನೆಲುಬಿರುವ ಪ್ರಾಣಿ.) ಓದಿದ ಹುಡುಗಿಯೊಬ್ಬಳು, “ಅಂದ್ರೆ ಎರಡೂ ಕಡೆ ಸಮ ಮಾಡ್ತವಾ ಸಾರ್?” ಅಂದಳು.

ತಪ್ಪು ಅವಳದಲ್ಲ. ನಾವು ನಿಯಂತ್ರಿಸುವುದು ಸೊಳ್ಳೆಯನ್ನು, ಜನಸಂಖ್ಯೆಯನ್ನು, ಬೆಲೆಯೇರಿಕೆಯನ್ನು. ಅಸಮತೆ ಎಂದರೆ ಸಮಾಜದ ಪಿಡುಗು. ಎರಡೂ ಸೇರಿದರೆ ವಂಶವಾಹಿಗಳು ಸಮತಾವಾದಿಗಳಾಗಿಬಿಡುತ್ತವೆ. ಗಣಿತದ ‘ಸಮಮಿತಿ’ಗೆ ಒಂದು ‘ಅ’ ಅಂಟಿಸೋಣವೆಂದರೆ ‘ಅಸಮಮಿತಿ’ ಬಾಯಲ್ಲಿ ನಿಲ್ಲುವುದಿಲ್ಲ.

ವಿಷಯ ಗೊತ್ತಿಲ್ಲದೆ ಪದ ಹುಡುಕಲಾಗದು, ಅದಕ್ಕೆ ಸ್ವಲ್ಪ ಹೇಳುತ್ತೇನೆ. ಇಲಿಯ ಭ್ರೂಣದ ನಡುಗೆರೆಯಲ್ಲಿ ‘ನೋಡ್’ ಎಂಬ ಸಣ್ಣ ಗುಳಿ. ಅದರಲ್ಲಿ ಇನ್ನೂರು ಮುನ್ನೂರು ಲೋಮಾಂಗಗಳು (ಜೀವಕೋಶದ ಮೇಲಿನ ಕೂದಲಿನಂಥ ಎಳೆಗಳು, ಸಿಲಿಯಾ) ಪ್ರದಕ್ಷಿಣವಾಗಿ ಗಿರಗಿರ ತಿರುಗುತ್ತವೆ. ಬಾಲದ ಕಡೆಗೆ ವಾಲಿಕೊಂಡು ತಿರುಗುವುದರಿಂದ, ಬಲಕ್ಕೆ ಬೀಸುವಾಗ ತಳಕ್ಕೆ ಹತ್ತಿರವಾಗಿ ಬಲ ಸೋಲುತ್ತದೆ. ಎಡಕ್ಕೆ ಬೀಸುವಾಗ ಮೇಲೆದ್ದು ಗೆಲ್ಲುತ್ತದೆ. (ಈ ‘ಬಲ’ದ ಕಾಟ ನೋಡಿ!) ಒಟ್ಟಿನಲ್ಲಿ ದ್ರವ ಎಡಕ್ಕೆ ಹರಿಯುತ್ತದೆ. 1998ರಲ್ಲಿ ಟೋಕಿಯೊದ ಹಿರೊಕಾವಾ ತಂಡ ಈ ಹರಿವನ್ನು ತೋರಿಸಿತು. ಹರಿವಿನ ಸುಳಿವು ಹಿಡಿದು ಎಡಪಕ್ಕದಲ್ಲಿ ನೋಡಲ್ ಎಂಬ ವಂಶವಾಹಿ ಎಚ್ಚರಗೊಳ್ಳುತ್ತದೆ, ಪಿಟ್‌ಎಕ್ಸ್-2 ಎಂಬ ಇನ್ನೊಂದು ವಂಶವಾಹಿಯನ್ನು ಎಬ್ಬಿಸುತ್ತದೆ. ಲೆಫ್ಟಿ ಎಂಬ ಮತ್ತೊಂದು ನಡುವೆ ಬೇಲಿಯಾಗಿ ನಿಂತು ಆ ಸುದ್ದಿ ಬಲಕ್ಕೆ ದಾಟದಂತೆ ನೋಡಿಕೊಳ್ಳುತ್ತದೆ.

ಲೋಮಾಂಗಗಳು ಕೆಟ್ಟು ನಿಂತರೆ? 1933ರಲ್ಲಿ ಕಾರ್ಟಜೆನರ್ ಎಂಬ ವೈದ್ಯರು ವಿವರಿಸಿದ ರೋಗಿಗಳಿಗೆ ಸೈನಸ್, ಶ್ವಾಸನಾಳದ ತೊಂದರೆಗಳ ಜೊತೆಗೆ ಹೃದಯ ಬಲಗಡೆ. 1976ರಲ್ಲಿ ಆಫ್ಜೀಲಿಯಸ್ ಎಂಬ ವಿಜ್ಞಾನಿ ಇದನ್ನು ಅಲ್ಲಾಡದ ಲೋಮಾಂಗಗಳಿಗೆ ಗಂಟುಹಾಕಿದರು. ಆದರೆ ಇಂಥ ದೋಷ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮಾತ್ರ ಅಂಗಗಳು ತಿರುಗಿರುತ್ತವೆ. ಅಂದರೆ ಎಡಬಲದ ಭೇದ ಅಳಿಯುವುದಿಲ್ಲ, ಯಾವುದು ಯಾವ ಕಡೆ ಎಂಬುದು ನಾಣ್ಯ ಚಿಮ್ಮಿದ ಹಾಗಾಗುತ್ತದೆ.

ಹಾಗಾಗಿ ನನಗೆ ಹೊಳೆದ ಕ್ರಿಯಾಪದ ‘ಗೊತ್ತುಮಾಡು’. ಮುಹೂರ್ತ ಗೊತ್ತುಮಾಡುತ್ತೇವಲ್ಲ, ಹಾಗೆ ವಂಶವಾಹಿಗಳು ಎಡಬಲ ಗೊತ್ತುಮಾಡುತ್ತವೆ. ಕೆಟ್ಟರೆ ಭ್ರೂಣಕ್ಕೆ ಎಡಬಲ ಗೊತ್ತಾಗುವುದಿಲ್ಲ. ಎಲ್ಲ ಅಂಗಗಳೂ ಕನ್ನಡಿಯೊಳಗಿನಂತೆ ತಿರುಗಿದ್ದರೆ ‘ಅದಲುಬದಲು’. ಅಂಥವರು ಎಷ್ಟೋ ಸಲ ಆರೋಗ್ಯವಾಗಿಯೇ ಇರುತ್ತಾರೆ. ಕೆಲವು ಮಾತ್ರ ತಿರುಗಿ, ಕೆಲವು ನಡುವೆ ಉಳಿದರೆ ‘ಕಲಸುಮೇಲೋಗರ’ ಎಂದು ಬರೆದು ಹೊಡೆದುಹಾಕಿದೆ. ಹೃದಯದೋಷಗಳು ಹೆಚ್ಚಾಗಿ ಬರುವುದು ಅಲ್ಲೇ, ತಮಾಷೆಯ ಪದ ಸಲ್ಲದು. ಗಂಭೀರವಾದದ್ದು ಬೇಕು.

ಇನ್ನು ಯಾರ ಎಡ? ಅಂಗರಚನೆಯಲ್ಲಿ ದೇಹದ ಒಡೆಯನ ಎಡವೇ ಎಡ, ಎದುರಿಗೆ ನಿಂತ ಡಾಕ್ಟರದ್ದಲ್ಲ. ನಮ್ಮೂರಿನ ಎಡಗೋಲೆತ್ತು ಬಲಗೋಲೆತ್ತುಗಳ ಲೆಕ್ಕವೂ ಇದೇ. ಶಂಖದ ವಿಷಯಕ್ಕೆ ಬಂದರೆ ಮಾತ್ರ ಪೇಚು: ನಾವು ಪೂಜಿಸುವ ಬಲಮುರಿ ಶಂಖ ಜೀವವಿಜ್ಞಾನಿಗೆ ಎಡಸುರುಳಿಯದು. ಅವರು ಸುರುಳಿಯ ತುದಿ ಮೇಲೆ ಮಾಡಿ ನೋಡುತ್ತಾರೆ, ನಾವು ಕೆಳಗೆ ಮಾಡಿ.

ಮುಖ್ಯ ಪ್ರಶ್ನೆ ಇದು. ಮನುಷ್ಯ ಭ್ರೂಣದ ನಾಲ್ಕನೇ ವಾರದಲ್ಲಿ, ನೆಟ್ಟಗಿದ್ದ ಹೃದಯನಾಳ ಬಲಕ್ಕೆ ಬಾಗುತ್ತದೆ, ಅಪರೂಪಕ್ಕೆ ಎಡಕ್ಕೆ. ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ಕಾವೇರಿಯ ದಡದಲ್ಲೇ ಬಲಮುರಿಯೂ ಇದೆ, ಎಡಮುರಿಯೂ ಇದೆ. ಹೊಳೆ ಮುರಿದುಕೊಂಡ ದಿಕ್ಕಿನಿಂದ ಬಂದ ಹೆಸರುಗಳೆಂದೇ ಕೇಳಿ ಬೆಳೆದಿದ್ದೇವೆ. ಹಾಗಾದರೆ ‘ಬಲಮುರಿ ಹೃದಯ’, ‘ಎಡಮುರಿ ಹೃದಯ’ ಅನ್ನಬಾರದೇ? ಸ್ಟಾಫ್ ರೂಮಿನಲ್ಲಿ ಹೇಳಿದಾಗ ಕನ್ನಡ ಮೇಷ್ಟ್ರು ನಕ್ಕರು: “ಹೃದಯದ ಪಕ್ಕ ಮುರಿ ಬಂತು ಅಂದ್ರೆ ಹುಡುಗರು ಲವ್ ಫೇಲ್ಯೂರ್ ಅಂತಲೇ ಓದೋದು.” ‘ಬಲಬಾಗು’ ಎಂದು ಅವರ ಸಲಹೆ. ನನಗೇಕೋ ಅದರಲ್ಲಿ ಹೊಳೆ ಕಾಣುತ್ತಿಲ್ಲ. ತಿರುವು ಎಂಬ ಅರ್ಥದ ‘ಮುರಿ’ ನಿಮ್ಮ ಕಡೆ ಮಾತಿನಲ್ಲಿ ಇನ್ನೂ ಉಳಿದಿದೆಯೇ?