ಅಜ್ಜನ ಯುಂಗ್‌ಹಾನ್ಸ್ ವಾಚು: ನಿಜವಾಗಿ ಚಿನ್ನದ್ದಾ?

ಕೇಳಿದವರು: ಅಜ್ಜ ಮೈಕೋದಲ್ಲಿ (ಈಗಿನ ಬಾಷ್) ಇದ್ದರು. 1960ರ ದಶಕದಲ್ಲಿ ಟ್ರೈನಿಂಗಿಗೆಂದು ಸ್ಟುಟ್‌ಗಾರ್ಟ್‌ಗೆ ಹೋದಾಗ ಒಂದು ಯುಂಗ್‌ಹಾನ್ಸ್ ಕೈಗಡಿಯಾರ ತಂದಿದ್ದರು. ತೆಳ್ಳಗಿದೆ, ಅಗಲ 34 ಮಿ.ಮೀ., ದಿನಾ ಕೀ ಕೊಡಬೇಕು. ಡಯಲ್ ಮೇಲೆ ಕಂಪನಿ ಹೆಸರು, ಟ್ರೈಲಾಸ್ಟಿಕ್, 17 ಜ್ಯುವೆಲ್ಸ್ ಎಂದಿದೆ. ಮನೆಯಲ್ಲಿ ಎಲ್ಲರೂ ಇದನ್ನು ‘ಚಿನ್ನದ ವಾಚು’ ಅಂತಲೇ ಕರೆಯುವುದು. ಈಗ ಪಾಲಿನ ಮಾತು ಬಂದಿದೆ. ಅಂಗಡಿಯವರೊಬ್ಬರು ಇದು ‘ಮೈಸ್ಟರ್’, ಭಾರಿ ಬೆಲೆ ಅಂದರು. ಹೌದಾ? ಬೆಲೆ ಕಟ್ಟುವುದು ಹೇಗೆ?

ಮೈಸೂರಿನಿಂದ: ಮೊದಲು ಚಿನ್ನದ ವಿಷಯ ಮುಗಿಸೋಣ, ಜಗಳ ಆಗುವುದು ಅದಕ್ಕೇ ಅಲ್ವಾ. ವಾಚು ತಿರುಗಿಸಿ ಹಿಂಬದಿ ಓದಿ. ‘ವಾಲ್ಟ್ಸ್‌ಗೋಲ್ಡ್ ಡುಬ್ಲೇ 20 ಮೈಕ್ರಾನ್’ ಅಂತ ಇದ್ದರೆ ಒಳಗಿನ ಲೋಹದ ಮೇಲೆ 0.02 ಮಿ.ಮೀ. ಚಿನ್ನದ ಪದರ, ಅಷ್ಟೇ. ‘ಎಡೆಲ್‌ಷ್ಟಾಲ್‌ಬೋಡೆನ್’ ಅಂದರೆ ಹಿಂಬದಿ ಮುಚ್ಚಳ ಸ್ಟೀಲ್. ಈ ಎರಡು ಮಾತು ಕಂಡರೆ ಗಟ್ಟಿ ಚಿನ್ನದ ಆಸೆ ಬಿಡಿ. ಗಟ್ಟಿ ಚಿನ್ನವಾದರೆ 585 ಅಂತ ಮುದ್ರೆ ಇರುತ್ತದೆ, ಅಂದರೆ 14 ಕ್ಯಾರೆಟ್. ಸಾಮಾನ್ಯವಾಗಿ ಮುಚ್ಚಳದ ಒಳಗೆ ಹುಡುಕಬೇಕು. ಜರ್ಮನ್ ಮಾಲಿನಲ್ಲಿ 333 ಕೂಡ ಸಿಗುತ್ತದೆ, ಅದು ಬರೀ 8 ಕ್ಯಾರೆಟ್. ತೂಕ ಹಾಕುವಾಗ ಇಡೀ ವಾಚನ್ನು ತಕ್ಕಡಿಗೆ ಇಡಬೇಡಿ. ಯಂತ್ರ, ಗಾಜು, ಪಟ್ಟಿ ಎಲ್ಲ ತೆಗೆದು ಕೇಸ್ ಮಾತ್ರ ತೂಗಬೇಕು. 585ರ ಕೇಸ್ 6 ಗ್ರಾಂ ಇದ್ದರೆ ಅದರಲ್ಲಿ ಅಪ್ಪಟ ಚಿನ್ನ ಮೂರೂವರೆ ಗ್ರಾಂ.

ಇನ್ನು ಮೈಸ್ಟರ್. ಯುಂಗ್‌ಹಾನ್ಸ್ ಕಂಪನಿ ಜರ್ಮನಿಯ ಕಪ್ಪು ಕಾಡು (ಬ್ಲ್ಯಾಕ್ ಫಾರೆಸ್ಟ್) ಪ್ರದೇಶದ ಷ್ರಾಂಬೆರ್ಗ್ ಊರಿನದು, 1861ರಿಂದ ಇದೆ. ಬೇರೆಯವರ ಯಂತ್ರ ಕೊಂಡು ತನ್ನ ಹೆಸರು ಹಾಕಿಕೊಳ್ಳುವ ಜಾತಿಯಲ್ಲ, ಯಂತ್ರವನ್ನೂ ತಾನೇ ಮಾಡುತ್ತಿತ್ತು. ಒಂದೇ ಕಂಪನಿಯಲ್ಲಿ ಸಾಧಾರಣ ಮಾಲೂ ಇತ್ತು, ಮೇಲ್ದರ್ಜೆಯದೂ ಇತ್ತು. ಮೈಸ್ಟರ್ ಮೇಲ್ದರ್ಜೆ. ಯಂತ್ರದ ಮಾದರಿಗೆ ಕಂಪನಿ ಸಂಖ್ಯೆ ಕೊಡುತ್ತಿತ್ತು. ಮೈಸ್ಟರ್‌ನಲ್ಲಿ ಹೆಚ್ಚಾಗಿ ಕಾಣುವುದು 80, 82, 84ರ ಸಾಲಿನ ಯಂತ್ರ. ಅದಕ್ಕಿಂತ ಮೇಲೆ ಡಯಲ್ ಮೇಲೆ ‘ಕ್ರೊನೊಮೀಟರ್’ (ಸಮಯದ ನಿಖರತೆ ಪರೀಕ್ಷೆಯಲ್ಲಿ ಪಾಸಾದದ್ದು) ಅಂತ ಬರೆದವು, ಅವು 1951ರಿಂದ ಬಂದವು. 93ರ ಸಾಲಿನದು ದಿನಬಳಕೆಯ ಯಂತ್ರ. ಕೆಟ್ಟದ್ದಲ್ಲ, ನನ್ನ ಹತ್ತಿರವೂ ಒಂದಿದೆ, ಚೆನ್ನಾಗಿಯೇ ಓಡುತ್ತದೆ. ಟ್ರೈಲಾಸ್ಟಿಕ್ ಅಂದರೆ ಕಂಪನಿಯ ಸ್ವಂತ ಷಾಕ್‌ಪ್ರೂಫ್ ಏರ್ಪಾಡು. ಅದೊಂದನ್ನೇ ನೋಡಿ ದರ್ಜೆ ಹೇಳಲು ಆಗುವುದಿಲ್ಲ. ಅಂಗಡಿಯವರು ಮುಚ್ಚಳ ತೆಗೆಯದೆ ಮೈಸ್ಟರ್ ಅಂದಿದ್ದರೆ ಅದು ಸುಮ್ನೆ ಮಾತು. ತೆಗೆಸಿ, ಅತ್ತಿತ್ತ ತಿರುಗಾಡುವ ಬ್ಯಾಲೆನ್ಸ್ ಚಕ್ರದ ಅಡಿ ಲೂಪ್ (ಗಡಿಯಾರದವರ ಭೂತಗನ್ನಡಿ) ಹಿಡಿದು ನೋಡಿ. ಅಲ್ಲಿ ಆ ಮಾದರಿ ಸಂಖ್ಯೆ ಕೊರೆದಿರುತ್ತದೆ. ಫೋಟೊ ತೆಗೆದುಕೊಳ್ಳಿ.

ಹುಬ್ಬಳ್ಳಿಯಿಂದ: ಮುಚ್ಚಳ ನೀವೇ ತೆಗೆಯಲು ಹೋಗಬೇಡಿ. ಒತ್ತಿ ಕೂರಿಸಿದ ಮುಚ್ಚಳ ಅಡುಗೆ ಮನೆಯ ಚಾಕುವಿಗೆ ಬರುತ್ತದೆ, ಜೊತೆಗೆ ಗೀರೂ ಬರುತ್ತದೆ. ಮತ್ತೆ ಕೂರಿಸುವಾಗ ಗಾಜು ಒಡೆದವರನ್ನು ನೋಡಿದ್ದೇನೆ. ಎಚ್‌ಎಂಟಿ ಜನತಾ ಬಿಚ್ಚಿ ಪಳಗಿದ ಹಳೆಯ ಕೈ ಸಾಕು, ಯಂತ್ರದ ತತ್ವ ಒಂದೇ.

ನನ್ನ ಕಥೆ ಕೇಳಿ. ಮಾವನ ಜರ್ಮನ್ ವಾಚನ್ನು ಸರ್ವಿಸಿಗೆ ಕೊಟ್ಟೆ. ಕೇಳದೆಯೇ ಪಾಲಿಶ್ ಹಾಕಿಬಿಟ್ಟರು. ಪಟ್ಟಿ ಸಿಕ್ಕಿಸುವ ಕಿವಿಗಳ ಮೂಲೆಯಲ್ಲಿ ಚಿನ್ನ ಹೋಗಿ ಹಿತ್ತಾಳೆ ಕಂಡಿತು. ಡಯಲ್ ಕೂಡ ತೊಳೆದಿದ್ದರು, ಸಣ್ಣ ಅಕ್ಷರವೇ ಮಾಯ! ಯಂತ್ರ ಏನೋ ಟಿಕ್ ಟಿಕ್ ಅಂತ ಓಡುತ್ತಿದೆ. ಕೊಳ್ಳಲು ಬಂದವರು ಮಾತ್ರ ಡಯಲ್ ನೋಡಿ ವಾಪಸ್ ಕೊಟ್ಟರು. ಹಾಗಾಗಿ ‘ಯಂತ್ರ ಬಿಚ್ಚಿ ತೊಳೆದು ಎಣ್ಣೆ ಹಾಕಿ, ಕೇಸ್ ಮತ್ತು ಡಯಲ್ ಮುಟ್ಟಬೇಡಿ’ ಅಂತ ಚೀಟಿಯಲ್ಲಿ ಬರೆದು ಕೊಡಿ. ಡಯಲ್‌ಗೆ ಹೊಸ ಬಣ್ಣ ಹಾಕಿಸುವುದಂತೂ ಬೇಡವೇ ಬೇಡ.

ಜರ್ಮನಿಯಿಂದ, ಫೋರ್ಟ್ಸ್‌ಹೈಮ್ ಹತ್ತಿರ ಇರುವವರು: ನಿಮ್ಮದು ಸುಲಭ, ಹೆಸರೇ ಕಂಪನಿ. ನಮ್ಮ ಕಡೆಯ ಸಂತೆಗಳಲ್ಲಿ ಡುಗೆನಾ, ಆಂಕರ್ ಅಂತ ಹೆಸರಿರುವ ವಾಚುಗಳು ಸಿಗುತ್ತವೆ. ಡುಗೆನಾ ಅಂದರೆ ಗಡಿಯಾರದ ಅಂಗಡಿಯವರು ಕೂಡಿ ಕಟ್ಟಿದ ಸಹಕಾರ ಸಂಘದ ಹೆಸರು. ಒಳಗೆ ಬೇರೆಯವರ ಯಂತ್ರ. ನಮ್ಮ ಊರಿನ ಡುರೋವೆ ಅಥವಾ ಪಿಯುಡಬ್ಲ್ಯೂ ಯಂತ್ರ ಇಂಥ ಎಷ್ಟೋ ಹೆಸರುಗಳ ಹಿಂದೆ ಇದೆ. ಇನ್ನು ಡಯಲ್ ಮೇಲೆ ಜಿಯುಬಿ ಇದ್ದರೆ ಅದು ಪೂರ್ವ ಜರ್ಮನಿಯ ಗ್ಲಾಸ್‌ಹುಟ್ಟೆಯದು, 1951ರಲ್ಲಿ ಅಲ್ಲಿನ ಕಾರ್ಖಾನೆಗಳನ್ನು ಸೇರಿಸಿ ಮಾಡಿದ ಸರ್ಕಾರಿ ಸಂಸ್ಥೆ.

ಬೆಲೆಗೆ ಒಂದು ಮಾತು. ಆನ್‌ಲೈನಿನಲ್ಲಿ ಮಾರುವವರು ಕೇಳುವ ಬೆಲೆ ನೋಡಬೇಡಿ, ಬಾಯಿಗೆ ಬಂದದ್ದು ಹಾಕುತ್ತಾರೆ. ಮಾರಾಟ ಆಗಿ ಮುಗಿದವುಗಳ ಪಟ್ಟಿ ನೋಡಿ. ಅದೇ ಯಂತ್ರ, ಅದೇ ಥರದ ಡಯಲ್ ಇರಬೇಕು. ಡಬ್ಬಿ, ಕೊಂಡ ಚೀಟಿ ಇದ್ದರೆ ಜಾಸ್ತಿ ಸಿಗುತ್ತದೆ. ಅಜ್ಜನ ಪೆಟ್ಟಿಗೆ ಒಮ್ಮೆ ಜಾಲಾಡಿಸಿ.

ಬೆಂಗಳೂರಿನಿಂದ: ಟೈಮ್‌ಗ್ರಾಫರ್ (ವಾಚಿನ ಟಿಕ್ ಸದ್ದು ಕೇಳಿ ಓಟ ಅಳೆಯುವ ಯಂತ್ರ) ಇರುವ ಕಡೆ ಎರಡು ನಿಮಿಷ ಇಡಿಸಿ. ಆ ಕಾಲದ ಯಂತ್ರ ಹೆಚ್ಚಾಗಿ ಗಂಟೆಗೆ 18,000 ಬೀಟ್. ಆಂಪ್ಲಿಟ್ಯೂಡ್, ಅಂದರೆ ಬ್ಯಾಲೆನ್ಸ್ ಚಕ್ರ ತಿರುಗುವ ಅಳತೆ, 200 ಡಿಗ್ರಿಯ ಕೆಳಗಿದ್ದರೆ ಎಣ್ಣೆ ಒಣಗಿರಬಹುದು. ಸರ್ವಿಸ್ ಆಗುವವರೆಗೆ ಕೀ ಕೊಟ್ಟು ಓಡಿಸಬೇಡಿ, ಒಣ ಯಂತ್ರ ಸವೆಯುತ್ತದೆ.

ಕೇಳಿದವರು, ಒಂದು ವಾರದ ಮೇಲೆ: ತೆಗೆಸಿದೆ. ನಕ್ಷತ್ರದ ಗುರುತು, ಕೆಳಗೆ 93. ಹಿಂಬದಿಯಲ್ಲಿ ನೀವು ಹೇಳಿದ 20 ಮೈಕ್ರಾನ್ ಮಾತೇ ಇದೆ, ಇಷ್ಟು ವರ್ಷ ಯಾರೂ ಓದಿರಲಿಲ್ಲ. ಚಿಕ್ಕಪ್ಪನಿಗೆ ಫೋಟೊ ಕಳಿಸಿದೆ. ‘ಹಾಗಾದರೆ ನೀನೇ ಇಟ್ಕೋ’ ಅಂದರು. ಸರ್ವಿಸಿಗೆ ಕೊಟ್ಟಿದ್ದೇನೆ, ಚೀಟಿ ಬರೆದೇ ಕೊಟ್ಟೆ. ಪಟ್ಟಿ ಮಾತ್ರ ಹರಿದಿದೆ, 18 ಮಿ.ಮೀ. ಬೇಕು. ಕಂದು ಬಣ್ಣದ ತೆಳು ಚರ್ಮದ್ದು ಬೆಂಗಳೂರಿನಲ್ಲಿ ಯಾವ ಕಡೆ ಸಿಗುತ್ತದೆ?