ಟೆಂಪ್ಲೇಟ್ ಇಟ್ಟು ಸ್ವಿವಲ್ ಚಾಕುವಿನಿಂದ ಕತ್ತರಿಸುವಾಗ ಕಾಗದದ ಅಂಚು ಹರಿಯುವುದೇಕೆ?

ಪ್ರಶ್ನೆ (ಶಾಲಾ ಶಿಕ್ಷಕಿ, ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯ ಭಿತ್ತಿಫಲಕಕ್ಕೆ ಬಣ್ಣದ ಕಾಗದದ ವೃತ್ತ, ಅಂಡಾಕೃತಿ ಮತ್ತು ಹೃದಯದ ಆಕಾರಗಳು ಹತ್ತಾರು ಬೇಕಾಗಿವೆ. ಕತ್ತರಿಯಿಂದ ಕತ್ತರಿಸಿದರೆ ಒಂದರಂತೆ ಇನ್ನೊಂದು ಬರುವುದಿಲ್ಲವೆಂದು ಪ್ಲಾಸ್ಟಿಕ್ ಟೆಂಪ್ಲೇಟ್ ಹಾಗೂ ಅಲಗು ತಾನಾಗಿ ಸುತ್ತಲೂ ತಿರುಗುವ ಸ್ವಿವಲ್ ಚಾಕುವನ್ನು ಕೊಂಡುಕೊಂಡೆ. ಒಂದು ವಾರದಿಂದ ಅಭ್ಯಾಸ ಮಾಡುತ್ತಿದ್ದರೂ ಮೂರು ತೊಂದರೆಗಳು ಬಿಡದೆ ಕಾಡುತ್ತಿವೆ. ವೃತ್ತವನ್ನು ಸುತ್ತಿ ಬಂದಾಗ ಆರಂಭದ ಗೆರೆಗೂ ಕೊನೆಯ ಗೆರೆಗೂ ಕೂದಲೆಳೆಯಷ್ಟು ಅಂತರ ಉಳಿದು ಅಲ್ಲೊಂದು ಸಣ್ಣ ಮುಳ್ಳಿನಂಥ ಚೂರು ನಿಲ್ಲುತ್ತದೆ. ಹೃದಯದ ಕೆಳತುದಿಯಲ್ಲಿ ಕಾಗದ ಮುದುಡಿ ಹರಿಯುತ್ತದೆ. ಕತ್ತರಿಸಿದ ಆಕಾರವು ಟೆಂಪ್ಲೇಟಿನ ರಂಧ್ರಕ್ಕಿಂತ ಚಿಕ್ಕದಾಗಿರುತ್ತದೆ. ನಾನು ಬಳಸುತ್ತಿರುವುದು 80 ಜಿಎಸ್‌ಎಂ ಬಣ್ಣದ ಕಾಗದ. ಮೇಜು ಹಾಳಾಗದಿರಲೆಂದು ಕೆಳಗೆ ಹಳೆಯ ದಿನಪತ್ರಿಕೆಗಳನ್ನು ದಪ್ಪವಾಗಿ ಹಾಸಿಕೊಂಡಿದ್ದೇನೆ. ದೋಷ ನನ್ನ ಕೈಯಲ್ಲಿದೆಯೋ ಸಾಮಗ್ರಿಯಲ್ಲಿದೆಯೋ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ದಿನಪತ್ರಿಕೆಯ ಹಾಸನ್ನು ಮೊದಲು ತೆಗೆಯಿರಿ. ನಿಮ್ಮ ತೊಂದರೆಯ ಅರ್ಧ ಪಾಲು ಅಲ್ಲಿಯೇ ಇದೆ ಎಂದು ನನಗೆ ಅನ್ನಿಸುತ್ತದೆ.

ಈ ಚಾಕುವಿನ ಅಲಗು ತಿರುಗುವ ಬಗೆಯನ್ನು ಅರ್ಥ ಮಾಡಿಕೊಂಡರೆ ಉಳಿದದ್ದೆಲ್ಲ ಸುಲಭವಾಗುತ್ತದೆ. ಕಚೇರಿಯ ಕುರ್ಚಿಯ ಕೆಳಗಿರುವ ಗಾಲಿಯನ್ನು ನೋಡಿ. ಗಾಲಿಯು ತನ್ನ ಕೀಲಿನ ನೇರ ಕೆಳಗಿರದೆ ಸ್ವಲ್ಪ ಹಿಂದಕ್ಕೆ ಸರಿದಿರುವುದರಿಂದಲೇ ಕುರ್ಚಿಯನ್ನು ಯಾವ ದಿಕ್ಕಿಗೆ ತಳ್ಳಿದರೂ ಅದು ಹಿಂದೆ ಬಂದು ಅದೇ ದಿಕ್ಕಿಗೆ ಹೊಂದಿಕೊಳ್ಳುತ್ತದೆ. ಸ್ವಿವಲ್ ಚಾಕುವಿನ ಅಲಗಿನ ಮೊನೆಯೂ ಹಾಗೆಯೇ ತಿರುಗುವ ಅಕ್ಷದಿಂದ ತುಸು ಹಿಂದಿರುತ್ತದೆ. ಅಲಗನ್ನು ನೀವು ತಿರುಗಿಸಬೇಕಾಗಿಲ್ಲ, ಬೆರಳುಗಳನ್ನು ಹೊರಳಿಸಬೇಕಾಗಿಯೂ ಇಲ್ಲ; ಕೈ ಮುಂದೆ ಸಾಗಿದರೆ ಅಲಗು ಹಿಂಬಾಲಿಸುತ್ತದೆ. ಆದರೆ ದಿನಪತ್ರಿಕೆಯಂಥ ಮೆತ್ತನೆಯ ಹಾಸಿನಲ್ಲಿ ಮೊನೆಯು ಆಳಕ್ಕೆ ಹೂತು ಕಾಗದದ ಪದರಗಳ ನಡುವೆ ಸಿಕ್ಕಿಕೊಳ್ಳುವುದರಿಂದ ಅದಕ್ಕೆ ತಿರುಗಲು ಅವಕಾಶವೇ ಸಿಗುವುದಿಲ್ಲ. ತಿರುಗಲಾಗದ ಅಲಗು ಅಡ್ಡಲಾಗಿ ಎಳೆಯಲ್ಪಟ್ಟು ಕಾಗದವನ್ನು ಹರಿಯುತ್ತದೆ. ಎ4 ಅಳತೆಯ ಒಂದು ಕಟಿಂಗ್ ಮ್ಯಾಟ್ ತಂದುಕೊಳ್ಳಿ. ಅದರ ಮೇಲೆ ಬಿದ್ದ ಗೀರುಗಳು ತಕ್ಕಮಟ್ಟಿಗೆ ತಾವಾಗಿ ಮುಚ್ಚಿಕೊಳ್ಳುತ್ತವೆ.

ಚಾಕುವನ್ನು ಪೆನ್ನಿನಂತೆ ಓರೆಯಾಗಿ ಹಿಡಿಯುವುದು ಬರೆದು ರೂಢಿಯಾದ ನಮ್ಮೆಲ್ಲರ ಕೈಗೆ ಸಹಜವಾದ ತಪ್ಪು. ಓರೆಯಾದರೆ ತಿರುಗುವ ಅಕ್ಷವೂ ಓರೆಯಾಗಿ ಅಲಗು ಒಂದು ಬದಿಗೆ ವಾಲುತ್ತದೆ. ಆದ್ದರಿಂದ ಹಿಡಿಕೆಯು ಕಾಗದಕ್ಕೆ ಕಂಬದಂತೆ ನೆಟ್ಟಗಿರಬೇಕು. ಒತ್ತಡವನ್ನು ಪೆನ್ಸಿಲಿನಲ್ಲಿ ಬರೆಯುವಷ್ಟಕ್ಕೆ ಮಿತಗೊಳಿಸಿ, ಒಂದೇ ಸಲಕ್ಕೆ ತುಂಡಾಗಲಿಲ್ಲವೆಂದರೆ ಟೆಂಪ್ಲೇಟನ್ನು ಕದಲಿಸದೆ ಎರಡನೆಯ ಸುತ್ತು ಹೋಗಿ.

ಇನ್ನು ವೃತ್ತದ ಮುಳ್ಳಿನ ವಿಷಯ. ನೀವು ಅಲಗನ್ನು ಕಾಗದಕ್ಕೆ ಊರಿದ ಕ್ಷಣದಲ್ಲಿ ಅದು ಯಾವ ದಿಕ್ಕಿಗೆ ಮುಖ ಮಾಡಿದೆಯೋ ಗೊತ್ತಿರುವುದಿಲ್ಲ, ಮೊದಲ ಒಂದೆರಡು ಮಿಲಿಮೀಟರು ದೂರ ಅದು ತಿರುಗಿ ಹೊಂದಿಕೊಳ್ಳುವುದರಲ್ಲೇ ಕಳೆದುಹೋಗುತ್ತದೆ. ಹಾಗಾಗಿ ಟೆಂಪ್ಲೇಟಿನ ಅಂಚಿಗೆ ತಾಗಿಸಿಕೊಂಡು, ಭಾರ ಹಾಕದೆ, ಕಾಗದವನ್ನು ಸವರುವಂತೆ ಒಂದು ಸೆಂಟಿಮೀಟರಿನಷ್ಟು ಸಾಗಿ, ಕೈ ನಿಲ್ಲಿಸದೆಯೇ ಭಾರ ಬಿಡಿ. ಸುತ್ತು ಮುಗಿದಾಗ ಆರಂಭದ ಗೆರೆ ಸಿಕ್ಕ ಕೂಡಲೇ ನಿಲ್ಲದೆ ಅದರ ಮೇಲೆಯೇ ಅರ್ಧ ಸೆಂಟಿಮೀಟರು ಮುಂದುವರಿಯಿರಿ. ಆಕಾರದ ಬದಲು ನಿಮಗೆ ಬೇಕಾದದ್ದು ರಂಧ್ರವಿರುವ ಚೌಕಟ್ಟಾದರೆ ಇನ್ನೂ ಸುಲಭ, ಏಕೆಂದರೆ ಬಿಸಾಡುವ ಒಳಭಾಗದಲ್ಲಿಯೇ ಅಲಗನ್ನು ಊರಿ ಅಂಚಿನ ಕಡೆಗೆ ಬಾಗಿಸಿಕೊಂಡು ಬರಬಹುದು.

ಉತ್ತರ 2

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಅಳತೆ ಮತ್ತು ಹೃದಯದ ಆಕಾರದ ಬಗ್ಗೆ ಮಾತ್ರ ಸೇರಿಸುತ್ತೇನೆ.

ಆಕಾರ ಚಿಕ್ಕದಾಗುವುದು ನಿಮ್ಮ ತಪ್ಪಲ್ಲ. ಟೆಂಪ್ಲೇಟಿನ ಅಂಚಿಗೆ ತಾಗುವುದು ಅಲಗಲ್ಲ, ಅಲಗನ್ನು ಸುತ್ತುವರಿದ ಬಳೆ. ಬಳೆಯ ನಡುವಿನಿಂದ ಅದರ ಹೊರ ಅಂಚಿಗೆ 3 ಮಿ.ಮೀ. ಇದ್ದರೆ, 80 ಮಿ.ಮೀ. ವ್ಯಾಸದ ರಂಧ್ರದಲ್ಲಿ ಕತ್ತರಿಸಿದ ವೃತ್ತವು ಎರಡೂ ಬದಿಯಿಂದ ಅಷ್ಟಷ್ಟು ಕಳೆದುಕೊಂಡು 74 ಮಿ.ಮೀ. ಆಗುತ್ತದೆ. ನಿಮ್ಮ ಚಾಕುವಿನ ಈ ವ್ಯತ್ಯಾಸವನ್ನು ರದ್ದಿ ಕಾಗದದ ಮೇಲೆ ಒಮ್ಮೆ ಕತ್ತರಿಸಿ ಅಳೆದು ಟೆಂಪ್ಲೇಟಿನ ಮೂಲೆಯಲ್ಲಿ ಶಾಯಿಯಿಂದ ಬರೆದಿಟ್ಟುಕೊಳ್ಳಿ. ಅಂತರವು ಪ್ರತಿ ಸಲವೂ ಒಂದೇ ಆಗಿರುವುದರಿಂದ ಇದನ್ನು ಅನುಕೂಲವಾಗಿಯೂ ಬಳಸಿಕೊಳ್ಳಬಹುದು: ಭಾವಚಿತ್ರವನ್ನು ಚಿಕ್ಕ ಅಂಡಾಕೃತಿಯಲ್ಲಿಯೂ ಹಿನ್ನೆಲೆಯ ಕಾಗದವನ್ನು ಅದರ ಮುಂದಿನ ಅಳತೆಯಲ್ಲಿಯೂ ಕತ್ತರಿಸಿ ಅಂಟಿಸಿದರೆ ಸುತ್ತಲೂ ಅಂದವಾದ ಅಂಚು ಉಳಿಯುತ್ತದೆ.

ಹೃದಯದಲ್ಲಿ ಎರಡು ಬೇರೆ ಬೇರೆ ಕಷ್ಟಗಳಿವೆ. ಮೇಲ್ಭಾಗದ ನಡುವಿನ ಕೊರಕಲಿನಲ್ಲಿ ಟೆಂಪ್ಲೇಟಿನ ಚೂಪಾದ ತುದಿಯು ಒಳಕ್ಕೆ ಚಾಚಿಕೊಂಡಿರುತ್ತದೆ. ಬಳೆಯು ಅದನ್ನು ಬಳಸಿಕೊಂಡು ಹೋಗುವಾಗ ಗೆರೆ ಅನಿವಾರ್ಯವಾಗಿ ದುಂಡಾಗುತ್ತದೆ. ಅಲ್ಲಿ ಚೂಪು ಬೇಕಿದ್ದರೆ ಕೊನೆಗೆ ಸಣ್ಣ ಕತ್ತರಿಯಿಂದ ತಿದ್ದಬೇಕು, ಬೇರೆ ದಾರಿಯಿಲ್ಲ. ಕೆಳತುದಿಯಲ್ಲಿ ಹಾಗಲ್ಲ. ಅಲ್ಲಿ ಬಳೆಯು ಮೂಲೆಯವರೆಗೆ ಸರಿಯಾಗಿಯೇ ಹೋಗುತ್ತದೆ, ಆದರೆ ನಿಂತಲ್ಲಿಯೇ ಅಲಗು ಹೊರಳಿಕೊಳ್ಳಬೇಕಾಗಿ ಬಂದು ಕಾಗದವನ್ನು ಮುದುಡಿಸುತ್ತದೆ. ಆದ್ದರಿಂದ ತುದಿಯನ್ನು ಒಂದೇ ಎಳೆತದಲ್ಲಿ ದಾಟಬೇಡಿ. ಮೇಲಿನ ಕೊರಕಲಿನಿಂದ ಹೊರಟು ಬಲಬದಿಯಲ್ಲಿ ಕೆಳತುದಿಗೆ ಬಂದು ಚಾಕುವನ್ನು ಎತ್ತಿ. ಮತ್ತೆ ಕೊರಕಲಿಗೆ ಹೋಗಿ ಎಡಬದಿಯಲ್ಲಿ ಕೆಳಗಿಳಿದು ಬನ್ನಿ. ಎರಡು ಗೆರೆಗಳು ತುದಿಯಲ್ಲಿ ಕೂಡುತ್ತವೆ. ಒಂದೆರಡು ಎಳೆ ಅಂಟಿಕೊಂಡಿದ್ದರೆ ಕೈಯಿಂದ ಕೀಳದೆ, ಅಲಗು ತಿರುಗದ ಸಾಮಾನ್ಯ ಚಾಕುವಿನ ಮೊನೆಯಿಂದ ಬಿಡಿಸಿ.

ಒಂದು ಮಾತು ಹೇಳದೆ ಇರಲಾರೆ. ಮಥುರೆಯ ಸಾಂಝಿ ಕಲೆಯಲ್ಲಿ ಬಳ್ಳಿ, ನವಿಲು, ಹಸುಗಳ ಅತಿ ಸೂಕ್ಷ್ಮವಾದ ಕಾಗದದ ಅಚ್ಚುಗಳನ್ನು ಪುಟ್ಟ ಕತ್ತರಿಯಿಂದಲೇ ಕತ್ತರಿಸುತ್ತಾರೆ. ಬಹಳ ಕಿರಿದಾದ ತಿರುವುಗಳಿರುವ ಹೂವಿನ ಎಸಳಿಗೂ ಅಕ್ಷರಕ್ಕೂ ಸ್ವಿವಲ್ ಚಾಕು ಹೊಂದುವುದಿಲ್ಲ. ಅಲ್ಲಿ ನಾನೂ ಕತ್ತರಿಯನ್ನೇ ಹಿಡಿಯುತ್ತೇನೆ.

ಪ್ರಶ್ನೆ ಕೇಳಿದವರ ಮರುಪ್ರಶ್ನೆ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಮ್ಯಾಟ್ ಹಾಸಿ, ಚಾಕುವನ್ನು ನೆಟ್ಟಗೆ ಹಿಡಿದು ಕತ್ತರಿಸಿದ ಮೇಲೆ ವೃತ್ತದ ಮುಳ್ಳು ಮಾಯವಾಯಿತು, ಹೃದಯದ ತುದಿಯೂ ಹತ್ತರಲ್ಲಿ ಏಳೆಂಟು ಬಾರಿ ಸರಿಯಾಗಿ ಬರುತ್ತಿದೆ. ಆದರೆ ಮನೆಯಲ್ಲಿದ್ದ ದಪ್ಪ ಕಾರ್ಡಿನ ಮೇಲೆ ಪ್ರಯತ್ನಿಸಿದಾಗ ಎರಡು ಸುತ್ತು ಹೋದರೂ ತುಂಡಾಗಲಿಲ್ಲ, ಮೂರನೆಯ ಸುತ್ತಿನಲ್ಲಿ ಟೆಂಪ್ಲೇಟು ಜಾರಿತು. ಅದು ಎಷ್ಟು ಜಿಎಸ್‌ಎಂ ಕಾಗದವೆಂಬುದೂ ನನಗೆ ತಿಳಿದಿಲ್ಲ.

ಉತ್ತರ 3

ಜಿಎಸ್‌ಎಂ ಎಂದರೆ ಒಂದು ಚದರ ಮೀಟರು ಕಾಗದದ ತೂಕ ಎಷ್ಟು ಗ್ರಾಂ ಎಂಬ ಲೆಕ್ಕ. ಒಂದು ಚದರ ಮೀಟರಿನಲ್ಲಿ ಎ4 ಹಾಳೆಗಳು 16 ಆಗುತ್ತವೆ. ಹಾಗಾಗಿ 80 ಜಿಎಸ್‌ಎಂನ ಎ4 ಹಾಳೆ 5 ಗ್ರಾಂ ತೂಗುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ನಿಮ್ಮ ಕಾರ್ಡಿನ ಎ4 ಹಾಳೆಗಳನ್ನು ಹತ್ತು ಸೇರಿಸಿ ತೂಗಿ, ಬಂದ ತೂಕವನ್ನು ಹತ್ತರಿಂದ ಭಾಗಿಸಿ 16ರಿಂದ ಗುಣಿಸಿ. ನನ್ನ ಅನುಭವದಲ್ಲಿ 200 ಜಿಎಸ್‌ಎಂವರೆಗೆ ಈ ಚಾಕು ನೆಮ್ಮದಿಯಿಂದ ಕೆಲಸ ಮಾಡುತ್ತದೆ. ಅದಕ್ಕಿಂತ ದಪ್ಪವಾದರೆ ಸುತ್ತುಗಳ ಸಂಖ್ಯೆ ಹೆಚ್ಚಬೇಕೇ ಹೊರತು ಒತ್ತಡವಲ್ಲ.

ಟೆಂಪ್ಲೇಟು ಜಾರದಿರಲು ಅದರ ಎರಡು ಎದುರುಬದುರು ಮೂಲೆಗಳಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. ಟೇಪನ್ನು ಮೊದಲು ಬಟ್ಟೆಗೆ ಒಂದೆರಡು ಬಾರಿ ಅಂಟಿಸಿ ತೆಗೆದರೆ ಅಂಟು ತಗ್ಗುತ್ತದೆ, ಆಮೇಲೆ ಕೀಳುವಾಗ ಕಾಗದದ ಮೈ ಸುಲಿಯುವುದಿಲ್ಲ. ನಿಮ್ಮ ಮಲೆನಾಡಿನ ಮಳೆಗಾಲದಲ್ಲಿ ಕಾಗದವು ತೇವ ಹೀರಿ ಮೆದುವಾಗಿರುತ್ತದೆ, ಮೆದುವಾದ ಕಾಗದವು ಎಷ್ಟೇ ಹರಿತವಾದ ಅಲಗಿಗೂ ಹಿಂಜಿಕೊಳ್ಳುತ್ತದೆ; ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು ಕತ್ತರಿಸುವ ಹೊತ್ತಿಗೆ ಮಾತ್ರ ಹೊರತೆಗೆಯಿರಿ. ಒಣಗಿದ ಕಾಗದದಲ್ಲಿಯೂ ಅಂಚಿಗೆ ಬಿಳಿಯ ನಾರು ಏಳತೊಡಗಿದರೆ ಅಲಗು ಬದಲಿಸುವ ಕಾಲ ಬಂದಿತೆಂದೇ ತಿಳಿಯಿರಿ.

ಬದಲಿ ಅಲಗನ್ನು ಆನ್‌ಲೈನ್‌ನಲ್ಲಿ ಕೊಳ್ಳುವಾಗ ಚಿತ್ರವನ್ನು ಎಚ್ಚರಿಕೆಯಿಂದ ನೋಡಿ. ಚರ್ಮದ ಮೇಲೆ ಚಿತ್ತಾರ ಕೊರೆಯುವ ಉಪಕರಣವನ್ನೂ ಸ್ವಿವಲ್ ಚಾಕುವೆಂದೇ ಮಾರುತ್ತಾರೆ. ಅದರ ನೆತ್ತಿಯಲ್ಲಿ ತೋರುಬೆರಳು ಇಡಲು ಅರ್ಧಚಂದ್ರದಂಥ ಕೊಂಡಿ, ಕೆಳಗೆ ಉಳಿಯಂಥ ಅಗಲವಾದ ದಪ್ಪ ಅಲಗು ಇರುತ್ತದೆ, ಅದನ್ನು ಬೆರಳುಗಳಿಂದಲೇ ತಿರುಗಿಸಬೇಕು. ಕಾಗದಕ್ಕೆ ಅದು ಉಪಯೋಗಕ್ಕೆ ಬಾರದು. ತೆಗೆದ ಹಳೆಯ ಅಲಗನ್ನು ಶಾಲೆಯ ಕಸದ ಬುಟ್ಟಿಗೆ ಹಾಕದೆ ಮುಚ್ಚಳವಿರುವ ಡಬ್ಬಿಯೊಂದರಲ್ಲಿ ಕೂಡಿಡಿ.